ಚಾಲಕನಿಲ್ಲದ ಕಾರಿಗೆ ಲೈಸೆನ್ಸ್ ಕೊಡುವವರು ಯಾರು?

2025ರ ಸೆಪ್ಟೆಂಬರ್‌ನ ಒಂದು ರಾತ್ರಿ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ದಕ್ಷಿಣಕ್ಕಿರುವ ಸ್ಯಾನ್ ಬ್ರೂನೊ ಊರಿನಲ್ಲಿ, ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಪೊಲೀಸರು ರಸ್ತೆಗಿಳಿದಿದ್ದರು. ಅವರ ಕಣ್ಣೆದುರೇ ಬಿಳಿ ಕಾರೊಂದು ಯೂ–ಟರ್ನ್ ಮಾಡಬಾರದ ಕಡೆ ಯೂ–ಟರ್ನ್ ಮಾಡಿತು. ಪೊಲೀಸರು ಅಡ್ಡಗಟ್ಟಿದರು. ಕಾರು ತಕರಾರಿಲ್ಲದೆ ನಿಂತಿತು. ಹತ್ತಿರ ಹೋಗಿ ಕಿಟಕಿಯಲ್ಲಿ ಇಣುಕಿದರೆ ಡ್ರೈವರ್ ಸೀಟು ಖಾಲಿ. ಅದು ವೇಮೊ ಕಂಪನಿಯ ಟ್ಯಾಕ್ಸಿ. ಗೂಗಲ್ 2009ರಲ್ಲಿ ಶುರುಮಾಡಿದ ಯೋಜನೆಯಿಂದ ಬೆಳೆದು ಬಂದ ಕಾರು, ತನ್ನನ್ನು ತಾನೇ ಓಡಿಸಿಕೊಳ್ಳುತ್ತದೆ.

ದಂಡದ ಚೀಟಿ ಬರೆಯಬೇಕು, ಸರಿ. ಯಾರ ಹೆಸರಿಗೆ? ಚೀಟಿಯಲ್ಲಿ ಚಾಲಕನ ಹೆಸರಿಗೆ, ಲೈಸೆನ್ಸ್ ಸಂಖ್ಯೆಗೆ ಜಾಗವಿದೆ, ರೋಬೊಗೆ ಜಾಗವಿಲ್ಲ. ಕೊನೆಗೆ ಪೊಲೀಸರು ಕಂಪನಿಗೆ ವಿಷಯ ಮುಟ್ಟಿಸಿ ಕಾರನ್ನು ಹಾಗೇ ಬಿಟ್ಟು ಕಳಿಸಿದರು.

ಆ ರಾತ್ರಿ ಯಾರಿಗೂ ಗಾಯವಾಗಲಿಲ್ಲ. ಆದರೆ ಕಾನೂನು ಎಲ್ಲಿ ನಿಂತುಹೋಗಿದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಂಡಿತು. ಹದಿನೆಂಟು ತುಂಬಿದ ನಮ್ಮ ಹುಡುಗ ಎಲ್‌ಎಲ್‌ಆರ್ ಮಾಡಿಸಬೇಕು, ತಿಂಗಳು ಕಾಯಬೇಕು, ಆರ್‌ಟಿಒ ಟ್ರ್ಯಾಕಿನಲ್ಲಿ ಇನ್‌ಸ್ಪೆಕ್ಟರ್ ಕಣ್ಣೆದುರು ಗಾಡಿ ಓಡಿಸಿ ತೋರಿಸಬೇಕು. ಆಮೇಲೆಯೇ ರಸ್ತೆ ಅವನದು. ನೂರಾರು ಕಾರುಗಳನ್ನು ಏಕಕಾಲಕ್ಕೆ ಓಡಿಸುವ ಒಂದು ಸಾಫ್ಟ್‌ವೇರನ್ನು ಹೀಗೆ ಎದುರು ನಿಲ್ಲಿಸಿಕೊಂಡು ಪರೀಕ್ಷಿಸುವವರು ಯಾರು? ಪರೀಕ್ಷೆಯಲ್ಲಿ ಕೇಳುವುದೇನನ್ನು?

ಸಹಾಯ ಮಾಡುವ ಕಾರು ಬೇರೆ, ತಾನೇ ಓಡುವ ಕಾರು ಬೇರೆ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘಟನೆ ‘ಎಸ್‌ಎಇ’ 2014ರಲ್ಲಿ ಒಂದು ವರ್ಗೀಕರಣ ಕೊಟ್ಟಿತು. ಸೊನ್ನೆಯಿಂದ ಐದರವರೆಗೆ ಆರು ಹಂತಗಳು. ಸರ್ಕಾರಗಳು, ಕಂಪನಿಗಳು ಎಲ್ಲರೂ ಇದನ್ನೇ ಬಳಸುತ್ತಾರೆ.

ಈ ಆರರಲ್ಲಿ ಓದುಗರು ನೆನಪಿಡಬೇಕಾದ ಗಡಿ ಒಂದೇ. ಅದು ಎರಡನೆಯ ಮತ್ತು ಮೂರನೆಯ ಹಂತಗಳ ನಡುವೆ ಇದೆ. ಎರಡನೆಯ ಹಂತದವರೆಗೆ ಕಾರು ಎಷ್ಟೇ ಜಾಣತನ ತೋರಿಸಲಿ, ಮುಂದಿನ ಗಾಡಿಯಿಂದ ಅಂತರ ಕಾಯ್ದುಕೊಳ್ಳಲಿ, ಲೇನ್ ಬಿಡದೆ ಓಡಲಿ, ತಾನಾಗಿ ಬ್ರೇಕ್ ಹಾಕಲಿ, ಓಡಿಸುತ್ತಿರುವವನು ಮನುಷ್ಯನೇ. ಕಣ್ಣು ರಸ್ತೆಯ ಮೇಲಿರಬೇಕು. ನಮ್ಮ ಷೋರೂಮುಗಳಲ್ಲಿ ‘ಅಡಾಸ್’ ಎಂದು ಹೇಳಿ ಮಾರುವ ಕಾರುಗಳೆಲ್ಲ ಈ ಗಡಿಯ ಈಚೆಗೇ ಇವೆ. ಟೆಸ್ಲಾದ ‘ಆಟೊಪೈಲಟ್’ ಕೂಡ ಈಚೆಗೇ.

ಮೂರನೆಯ ಹಂತದಲ್ಲಿ, ನಿಗದಿತ ಸಂದರ್ಭದಲ್ಲಿ ಕಾರೇ ಚಾಲಕ. ಅದು ಕರೆದಾಗ ಮನುಷ್ಯ ಸ್ಟಿಯರಿಂಗ್ ಹಿಡಿಯಬೇಕು. ನಾಲ್ಕನೆಯದರಲ್ಲಿ ನಿಗದಿತ ಪ್ರದೇಶದೊಳಗೆ ಮನುಷ್ಯನ ಅಗತ್ಯವೇ ಇಲ್ಲ. ವೇಮೊ ಟ್ಯಾಕ್ಸಿ ಈ ಹಂತದ್ದು. ಎಲ್ಲಿಗೆ ಬೇಕಾದರೂ, ಯಾವ ಮಳೆಯಲ್ಲಿ ಬೇಕಾದರೂ ಹೋಗುವ ಐದನೆಯ ಹಂತದ ಕಾರು ಇನ್ನೂ ಎಲ್ಲೂ ಇಲ್ಲ.

ಈ ಗಡಿಯನ್ನು ಜಾಹೀರಾತುಗಳು ಮಸುಕು ಮಾಡಿದ್ದರಿಂದ ಆದ ಹಾನಿ ಸಣ್ಣದಲ್ಲ. 2023ರ ಡಿಸೆಂಬರ್‌ನಲ್ಲಿ ಟೆಸ್ಲಾ 20 ಲಕ್ಷಕ್ಕೂ ಹೆಚ್ಚು ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ಚಾಲಕ ಗಮನ ಕೊಡುತ್ತಿದ್ದಾನೆಯೇ ಎಂದು ನೋಡುವ ವ್ಯವಸ್ಥೆ ಸಾಲದು ಎಂಬುದು ಅಲ್ಲಿ ಬಂದಿದ್ದ ಆಕ್ಷೇಪ. ಚೀನಾದಲ್ಲಿ 2025ರ ಮಾರ್ಚ್‌ನಲ್ಲಿ ಶಓಮಿ ಕಂಪನಿಯ ಕಾರು ಅಪಘಾತಕ್ಕೀಡಾಗಿ ಮೂವರು ಸತ್ತ ಮೇಲೆ, ಚಾಲಕನಿಗೆ ನೆರವಾಗುವ ಸೌಲಭ್ಯವನ್ನು ‘ತಾನೇ ಓಡುತ್ತದೆ’ ಎಂಬ ಅರ್ಥ ಬರುವಂತೆ ಪ್ರಚಾರ ಮಾಡಕೂಡದೆಂದು ಅಲ್ಲಿನ ಸರ್ಕಾರ ಕಂಪನಿಗಳನ್ನು ಕರೆಸಿ ಹೇಳಿತು.

ಕಬ್ಬಿಣಕ್ಕೆ ನಿಯಮವಿದೆ, ಬುದ್ಧಿಗಿಲ್ಲ

ಅಮೆರಿಕದಲ್ಲಿ ವಾಹನ ಸುರಕ್ಷತೆಯ ಕಾನೂನು ಬಂದಿದ್ದು 1966ರಲ್ಲಿ. ಅದರ ಹಿಂದಿನ ವರ್ಷ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರು ಕಂಪನಿಗಳ ಬೇಜವಾಬ್ದಾರಿಯ ಬಗ್ಗೆ ಬರೆದ ಪುಸ್ತಕ ದೇಶವನ್ನೇ ಅಲುಗಾಡಿಸಿತ್ತು. ಆ ಕಾನೂನಿನಡಿ ರೂಪುಗೊಂಡ ಮಾನದಂಡಗಳು ಬ್ರೇಕು, ಸೀಟ್ ಬೆಲ್ಟು, ಕನ್ನಡಿ, ಗಾಜು, ದೀಪ, ಏರ್‌ಬ್ಯಾಗ್ ಹೀಗೆ ಒಂದೊಂದನ್ನೂ ಅಳೆದು ತೂಗಿ ಹೇಳುತ್ತವೆ. ಜಾರಿ ಮಾಡುವ ಹೊಣೆ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ್ದು. ಎಲ್ಲರೂ ‘ನಿಟ್ಸಾ’ ಎನ್ನುತ್ತಾರೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಅಲ್ಲಿ ಹೊಸ ಕಾರನ್ನು ಸರ್ಕಾರ ಮೊದಲೇ ಪರೀಕ್ಷಿಸಿ ಮಂಜೂರು ಮಾಡುವುದಿಲ್ಲ. ‘ನಮ್ಮ ಕಾರು ನಿಯಮದಂತಿದೆ’ ಎಂದು ಕಂಪನಿಯೇ ಪ್ರಮಾಣೀಕರಿಸಿ ಮಾರುತ್ತದೆ. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಂಡಂತೆ. ತಪ್ಪು ಕಂಡುಬಂದರೆ ನಿಟ್ಸಾ ಆಮೇಲೆ ತನಿಖೆ ಮಾಡಿ ಕಾರುಗಳನ್ನು ವಾಪಸ್ ಕರೆಸಬಲ್ಲದು. ನಮ್ಮಲ್ಲಿ ಹಾಗಲ್ಲ, ಪುಣೆಯ ಎಆರ್‌ಎಐನಂಥ ಸಂಸ್ಥೆ ಮಾದರಿಯನ್ನು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮಾರಾಟ. ಯುರೋಪಿನಲ್ಲೂ ಹೀಗೇ.

ಇನ್ನೊಂದು, ಈ ಮಾನದಂಡಗಳೆಲ್ಲ ವಾಹನವನ್ನು ಅಳೆಯುತ್ತವೆ, ಚಾಲನೆಯನ್ನಲ್ಲ. ವಾಹನ ಕೇಂದ್ರ ಸರ್ಕಾರದ ಪಾಲು. ಚಾಲಕ, ಲೈಸೆನ್ಸ್, ಸಂಚಾರ ನಿಯಮ ರಾಜ್ಯಗಳ ಪಾಲು. ವಾಹನವೇ ಚಾಲಕನಾದಾಗ ಈ ಹಂಚಿಕೆ ಮುರಿದುಬಿತ್ತು. ಚಾಲನೆಯ ಬುದ್ಧಿಯನ್ನು ಪರೀಕ್ಷಿಸುವ ಕಡ್ಡಾಯ ರಾಷ್ಟ್ರೀಯ ಮಾನದಂಡ ಇಲ್ಲದೆಯೇ ಕಾರುಗಳು ರಸ್ತೆಗೆ ಬಂದವು.

ಹಳೆಯ ನಿಯಮ ಹೊಸ ವಾಹನಕ್ಕೆ ಹೇಗೆ ಕಾಲಿಗೆ ತೊಡರುತ್ತದೆಂಬುದಕ್ಕೆ ‘ನ್ಯೂರೊ’ ಕಂಪನಿಯ ‘ಆರ್2’ ನೋಡಬೇಕು. ಸಾಮಾನು ತಲುಪಿಸುವ ಪುಟ್ಟ ಗಾಡಿ. ಒಳಗೆ ಮನುಷ್ಯರಿಗೆ ಜಾಗವೇ ಇಲ್ಲ. ವೇಗ ಗಂಟೆಗೆ 40 ಕಿ.ಮೀ. ಮೀರುವುದಿಲ್ಲ. ಆದರೂ ನಿಯಮದ ಪ್ರಕಾರ ಅದಕ್ಕೆ ಚಾಲಕ ನೋಡುವ ಕನ್ನಡಿ ಬೇಕು, ಚಾಲಕನ ಮುಂದಿನ ಗಾಜು ಬೇಕು. ಇವುಗಳಿಂದ ವಿನಾಯಿತಿ ಸಿಕ್ಕಿದ್ದು 2020ರ ಫೆಬ್ರುವರಿಯಲ್ಲಿ, ಎರಡು ವರ್ಷಕ್ಕೆ, ಗರಿಷ್ಠ 5,000 ಗಾಡಿಗಳಿಗೆ. ಕನ್ನಡಿಯ ವಿಷಯದಲ್ಲಿ ಇಷ್ಟು ಪತ್ರವ್ಯವಹಾರ. ಆ ಗಾಡಿ ಎದುರಿಗೆ ಓಡಿಬಂದ ಮಗುವನ್ನು ಗುರುತಿಸುತ್ತದೆಯೇ ಎಂದು ಅಳೆಯುವ ಮಾನದಂಡ ಮಾತ್ರ ಇರಲಿಲ್ಲ.

2016ರಲ್ಲಿ ನಿಟ್ಸಾ 15 ಅಂಶಗಳ ಮಾರ್ಗಸೂಚಿ ಹೊರಡಿಸಿತು. ಮರುವರ್ಷ ಅದು 12ಕ್ಕಿಳಿಯಿತು. ಪಾಲಿಸಬೇಕೋ ಬೇಡವೋ ಎಂಬುದು ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದು.

ಟೆಂಪಿಯ ಆ 5.6 ಸೆಕೆಂಡು

ಹೀಗೆ ಕಂಪನಿಗಳ ಇಷ್ಟಕ್ಕೆ ಬಿಟ್ಟಿದ್ದರ ಬೆಲೆ 2018ರ ಮಾರ್ಚ್ 18ರ ರಾತ್ರಿ ಗೊತ್ತಾಯಿತು. ಅರಿಜೋನಾ ರಾಜ್ಯದ ಟೆಂಪಿ ನಗರ. ಊಬರ್ ಕಂಪನಿ ಪರೀಕ್ಷೆಗೆಂದು ಓಡಿಸುತ್ತಿದ್ದ ವೋಲ್ವೊ ಕಾರು. ರಾತ್ರಿ ಹತ್ತರ ಸುಮಾರಿಗೆ ಮಹಿಳೆಯೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಕಾರು ಡಿಕ್ಕಿ ಹೊಡೆಯಿತು. ಸ್ವಯಂಚಾಲಿತ ಕಾರಿಗೆ ಬಲಿಯಾದ ಮೊದಲ ಪಾದಚಾರಿ ಅವರು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖಾ ವರದಿ ಓದಿದರೆ ಮನಸ್ಸು ಕಲಕುತ್ತದೆ. ಸೆನ್ಸರುಗಳಿಗೆ ಆಕೆ ಕಂಡಿರಲಿಲ್ಲ ಎಂದಲ್ಲ. ಡಿಕ್ಕಿಗೆ 5.6 ಸೆಕೆಂಡು ಮೊದಲೇ ಕಂಡಿದ್ದರು. ಗಂಟೆಗೆ 70 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಕಾರು ನೂರು ಮೀಟರಿಗೂ ಹೆಚ್ಚು ಸಾಗುತ್ತದೆ. ನಿಲ್ಲಿಸಲು ಬೇಕಾದಷ್ಟು ದೂರ. ಆದರೆ ಸಾಫ್ಟ್‌ವೇರು ಒಮ್ಮೆ ಅದನ್ನು ವಾಹನ ಎಂದುಕೊಂಡಿತು, ಒಮ್ಮೆ ಏನೋ ವಸ್ತು ಎಂದುಕೊಂಡಿತು, ಒಮ್ಮೆ ಸೈಕಲ್ ಎಂದುಕೊಂಡಿತು. ಅಭಿಪ್ರಾಯ ಬದಲಾದಾಗಲೆಲ್ಲ ಅದು ಎತ್ತ ಹೋಗುತ್ತಿದೆ ಎಂಬ ಲೆಕ್ಕವನ್ನು ಮೊದಲಿನಿಂದ ಹಾಕಿತು. ಹೀಗಾಗಿ ಆಕೆ ತನ್ನ ದಾರಿಗೆ ಅಡ್ಡ ಬರುತ್ತಿದ್ದಾರೆ ಎಂಬುದೇ ಅದಕ್ಕೆ ಹೊತ್ತು ಮೀರುವವರೆಗೆ ಹೊಳೆಯಲಿಲ್ಲ. ಕಾರಣ? ಜೀಬ್ರಾ ಪಟ್ಟೆ ಇಲ್ಲದ ಕಡೆ ಮನುಷ್ಯರು ರಸ್ತೆ ದಾಟಬಹುದು ಎಂಬ ಸಾಧ್ಯತೆಯನ್ನೇ ಆ ವ್ಯವಸ್ಥೆಯಲ್ಲಿ ಪರಿಗಣಿಸಿರಲಿಲ್ಲ.

ವೋಲ್ವೊ ಕಂಪನಿ ಕೊಟ್ಟಿದ್ದ ತುರ್ತು ಬ್ರೇಕ್ ವ್ಯವಸ್ಥೆ, ಊಬರಿನ ಸಾಫ್ಟ್‌ವೇರ್ ಓಡಿಸುವಾಗ ಕೆಲಸ ಮಾಡದಂತೆ ಆಫ್ ಆಗಿತ್ತು. ಸುಮ್ಮಸುಮ್ಮನೆ ಬ್ರೇಕ್ ಬೀಳದಿರಲೆಂದು, ಅಪಾಯ ಕಂಡ ಮೇಲೂ ಒಂದು ಸೆಕೆಂಡು ತಡೆಹಿಡಿಯುವಂತೆ ಊಬರ್ ತನ್ನ ವ್ಯವಸ್ಥೆಯನ್ನು ಬರೆದಿತ್ತು. ಸೀಟಿನಲ್ಲಿ ನಿಗಾ ಇಡಲು ಕೂತಿದ್ದ ಉದ್ಯೋಗಿ ಫೋನಿನಲ್ಲಿ ಟಿ.ವಿ. ಕಾರ್ಯಕ್ರಮ ನೋಡುತ್ತಿದ್ದರು.

ಮುಂದೆ ನಡೆದದ್ದನ್ನು ಗಮನಿಸಿ. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲು ಆಧಾರವಿಲ್ಲ ಎಂದರು ಪ್ರಾಸಿಕ್ಯೂಟರ್. ಸೀಟಿನಲ್ಲಿದ್ದ ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾವಣೆಯ ಶಿಕ್ಷೆ ಪಡೆದರು. ತಪ್ಪು ಆ ಉದ್ಯೋಗಿಯದೂ ಹೌದು. ಆದರೆ ರಸ್ತೆ ದಾಟುವ ಮನುಷ್ಯರನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಯಂತ್ರವನ್ನು ಊರೊಳಗೆ ಬಿಟ್ಟ ನಿರ್ಧಾರ ಸೀಟಿನಲ್ಲಿ ಕೂತವರದಲ್ಲ. ಮೊದಲೇ ಯಾರಾದರೂ ಹೊರಗಿನವರು ‘ಪಾದಚಾರಿ ಎಲ್ಲಿ ಬೇಕಾದರೂ ದಾಟಿದರೆ ನಿಮ್ಮ ಕಾರು ಏನು ಮಾಡುತ್ತದೆ, ತೋರಿಸಿ’ ಎಂದು ಕೇಳಿದ್ದರೆ ಆ ಕೊರತೆ ಹೊರಬೀಳುತ್ತಿತ್ತು. ಹಾಗೆ ಕೇಳಲೇಬೇಕೆಂಬ ನಿಯಮ ಇರಲಿಲ್ಲ. ಕಂಪನಿಗಳು ಸುರಕ್ಷತಾ ವರದಿ ಸಲ್ಲಿಸುವುದನ್ನು ಕಡ್ಡಾಯ ಮಾಡಿ ಎಂದು ತನಿಖಾ ಮಂಡಳಿ ನಿಟ್ಸಾಗೆ ಶಿಫಾರಸು ಮಾಡಿದ್ದು ಇದೇ ಕಾರಣಕ್ಕೆ.

ಆರು ಮೀಟರಿನ ಸತ್ಯ

ಕ್ಯಾಲಿಫೋರ್ನಿಯಾ ಈ ವಿಷಯದಲ್ಲಿ ಉಳಿದ ರಾಜ್ಯಗಳಿಗಿಂತ ಬಿಗಿ. 2012ರಲ್ಲೇ ಕಾನೂನು ಮಾಡಿತು. ಅಲ್ಲಿನ ಮೋಟಾರು ವಾಹನ ಇಲಾಖೆ, ಅಂದರೆ ನಮ್ಮ ಸಾರಿಗೆ ಇಲಾಖೆಯಂಥದ್ದು, ಹಂತಹಂತವಾಗಿ ಪರವಾನಗಿ ಕೊಡುತ್ತದೆ: ಮೊದಲು ಮನುಷ್ಯನ ನಿಗಾದಲ್ಲಿ ಪರೀಕ್ಷೆ, ಆಮೇಲೆ ಚಾಲಕನಿಲ್ಲದೆ ಪರೀಕ್ಷೆ, ಕೊನೆಗೆ ಸಾರ್ವಜನಿಕ ಬಳಕೆ. ಕಂಪನಿ 50 ಲಕ್ಷ ಡಾಲರ್ ವಿಮೆ ಅಥವಾ ಠೇವಣಿ ತೋರಿಸಬೇಕು. ಯಾವ ರಸ್ತೆ, ಯಾವ ವೇಗ, ಯಾವ ಹವೆಯಲ್ಲಿ ಕಾರು ಓಡಬಲ್ಲದು ಎಂದು ಬರೆದು ಕೊಡಬೇಕು. ಅಪಘಾತವಾದರೆ ಹತ್ತು ದಿನದೊಳಗೆ ವರದಿ. ಪ್ರಯಾಣಿಕರಿಂದ ಹಣ ಪಡೆಯಲು ಮತ್ತೊಂದು ಆಯೋಗದ ಅನುಮತಿ ಪ್ರತ್ಯೇಕ.

2023ರ ಆಗಸ್ಟ್ 10ರಂದು ಆ ಆಯೋಗ ಮೂರಕ್ಕೆ ಒಂದು ಮತದಿಂದ ವೇಮೊ ಮತ್ತು ಕ್ರೂಸ್ ಕಂಪನಿಗಳಿಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಗಲಿರುಳೂ ಟ್ಯಾಕ್ಸಿ ಓಡಿಸಲು ಒಪ್ಪಿಗೆ ಕೊಟ್ಟಿತು. ಅಗ್ನಿಶಾಮಕ ದಳದವರು ಬೇಡವೆಂದಿದ್ದರು. ಬೆಂಕಿ ಆರಿಸಲು ಹೋಗುವಾಗ ಈ ಕಾರುಗಳು ದಾರಿಗಡ್ಡ ನಿಲ್ಲುತ್ತವೆ ಎಂಬುದು ಅವರ ದೂರು.

ಎರಡು ತಿಂಗಳೂ ಕಳೆದಿರಲಿಲ್ಲ. ಅಕ್ಟೋಬರ್ 2ರ ರಾತ್ರಿ, ಮಾರ್ಕೆಟ್ ಸ್ಟ್ರೀಟ್ ಬಳಿ ಮನುಷ್ಯನೇ ಓಡಿಸುತ್ತಿದ್ದ ಕಾರೊಂದು ರಸ್ತೆ ದಾಟುತ್ತಿದ್ದ ಮಹಿಳೆಗೆ ಹೊಡೆದು ಪರಾರಿಯಾಯಿತು. ಹೊಡೆತಕ್ಕೆ ಆಕೆ ಪಕ್ಕದ ಲೇನಿನಲ್ಲಿ ಬರುತ್ತಿದ್ದ ಕ್ರೂಸ್ ಟ್ಯಾಕ್ಸಿಯ ಮುಂದೆ ಬಿದ್ದರು. ಕ್ರೂಸ್ ಬ್ರೇಕ್ ಹಾಕಿತು, ಆದರೂ ತಗುಲಿ ನಿಂತಿತು. ಇಲ್ಲಿಗೆ ಮುಗಿದಿದ್ದರೆ ಯಂತ್ರವನ್ನು ಯಾರೂ ದೂರುತ್ತಿರಲಿಲ್ಲ.

ನಿಂತ ಮೇಲೆ ಯಂತ್ರ ಯೋಚಿಸಿತು: ಯಾವುದೋ ಗಾಡಿ ಪಕ್ಕದಿಂದ ತಾಗಿದೆ, ರಸ್ತೆ ನಡುವೆ ನಿಲ್ಲಬಾರದು, ಅಂಚಿಗೆ ಸರಿಯಬೇಕು. ಸುರಕ್ಷತೆಗೆಂದೇ ಬರೆದಿಟ್ಟ ನಿಯಮ ಅದು. ಬಹುಪಾಲು ಸಂದರ್ಭಗಳಲ್ಲಿ ಸರಿಯಾದದ್ದೇ. ಆದರೆ ಆ ಹೊತ್ತಿಗೆ ಮಹಿಳೆ ಕಾರಿನ ಅಡಿಯಲ್ಲಿದ್ದರು. ಗಂಟೆಗೆ ಸುಮಾರು 11 ಕಿ.ಮೀ. ವೇಗದಲ್ಲಿ ಕಾರು ಆಕೆಯನ್ನು ಆರು ಮೀಟರ್ ಎಳೆದುಕೊಂಡು ಹೋಗಿ ನಿಂತಿತು. ಎಂಥ ಸಾಧಾರಣ ಚಾಲಕನೂ ‘ಅಡಿಯಲ್ಲಿ ಯಾರೋ ಇದ್ದಾರೆ’ ಎಂಬ ಅನುಮಾನ ಬಂದ ಕ್ಷಣ ಕೆಳಗಿಳಿದು ನೋಡುತ್ತಾನೆ. ಮಹಿಳೆ ತೀವ್ರ ಗಾಯಗೊಂಡು ಬದುಕುಳಿದರು.

ಮರುದಿನ ಕಂಪನಿ ಅಧಿಕಾರಿಗಳಿಗೆ ವಿಡಿಯೊ ತೋರಿಸಿತು. ಆನ್‌ಲೈನ್ ಸಭೆ, ಇಂಟರ್ನೆಟ್ ಸಂಪರ್ಕ ಸರಿಯಿಲ್ಲದೆ ವಿಡಿಯೊ ಪೂರ್ತಿ ಕಾಣಲಿಲ್ಲ. ಎಳೆದುಕೊಂಡು ಹೋದ ವಿಷಯವನ್ನು ಕಂಪನಿಯವರು ಬಾಯಿಬಿಟ್ಟು ಹೇಳಲಿಲ್ಲ. ಅದು ಗೊತ್ತಾದಾಗ, ಅಕ್ಟೋಬರ್ 24ರಂದು, ವಾಹನ ಇಲಾಖೆ ಕ್ರೂಸ್‌ನ ಚಾಲಕರಹಿತ ಪರವಾನಗಿಗಳನ್ನು ಅಮಾನತು ಮಾಡಿತು. ಕಂಪನಿ ತನ್ನ 950 ಕಾರುಗಳ ಸಾಫ್ಟ್‌ವೇರ್ ತಿದ್ದಬೇಕಾಯಿತು. ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಅಪೂರ್ಣ ವರದಿಗಾಗಿ ನಿಟ್ಸಾ 15 ಲಕ್ಷ ಡಾಲರ್ ದಂಡ ಹಾಕಿತು. ಸುಳ್ಳು ವರದಿಗಾಗಿ ನ್ಯಾಯಾಂಗ ಇಲಾಖೆಯ ದಂಡ ಬೇರೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ರೋಬೊಟ್ಯಾಕ್ಸಿಗೆ ಹಣ ಹಾಕುವುದನ್ನೇ ನಿಲ್ಲಿಸಿತು.

ನನ್ನ ದೃಷ್ಟಿಯಲ್ಲಿ ಈ ಇಡೀ ಕ್ಷೇತ್ರದ ಅತಿ ಮುಖ್ಯ ಪಾಠ ಇಲ್ಲಿದೆ. ಕ್ರೂಸ್ ಬಾಗಿಲು ಹಾಕಲು ದಾರಿಯಾದದ್ದು ಬ್ರೇಕಿನ ಮಾನದಂಡವಲ್ಲ, ಸೆನ್ಸರಿನ ಮಾನದಂಡವಲ್ಲ. ಅಪಘಾತದ ವಿಷಯವನ್ನು ಪೂರ್ತಿ ಹೇಳಬೇಕೆಂಬ ನಿಯಮ. ನಿಟ್ಸಾ 2021ರ ಜೂನ್‌ನಲ್ಲಿ ಹೊರಡಿಸಿದ ಆದೇಶದಿಂದಾಗಿ, ಸ್ವಯಂಚಾಲಿತ ವ್ಯವಸ್ಥೆ ಕೆಲಸ ಮಾಡುತ್ತಿದ್ದಾಗ ಆದ ಅಪಘಾತಗಳನ್ನು ಕಂಪನಿಗಳು ನಿಗದಿತ ದಿನಗಳೊಳಗೆ ತಿಳಿಸಲೇಬೇಕು. ಬರೀ ವರದಿಯ ನಿಯಮ, ನೋಡಲು ಸಪ್ಪೆ. ಆದರೆ ಯಂತ್ರದ ಒಳಗೆ ಏನು ನಡೆಯಿತೆಂದು ಹೊರಗಿನವರಿಗೆ ತಿಳಿಯಲು ಬೇರೆ ದಾರಿಯೇ ಇಲ್ಲ. ಡಿಕ್ಕಿ ಹೊಡೆದ ಲಾರಿ ಚಾಲಕನನ್ನು ಪೊಲೀಸರು ಪ್ರಶ್ನಿಸಬಹುದು, ಸುತ್ತಲಿದ್ದವರು ಸಾಕ್ಷಿ ಹೇಳಬಹುದು. ಸಾಫ್ಟ್‌ವೇರಿನ ಸಾಕ್ಷ್ಯವೆಲ್ಲ ಕಂಪನಿಯ ಕಂಪ್ಯೂಟರಿನಲ್ಲಿರುತ್ತದೆ.

ಎಷ್ಟು ಓಡಿದರೆ ನಂಬಬಹುದು?

‘ಮನುಷ್ಯ ಚಾಲಕರಿಗಿಂತ ನಮ್ಮ ಕಾರು ಸುರಕ್ಷಿತ’ ಎಂಬುದು ಕಂಪನಿಗಳ ವಾದ. ಇದನ್ನು ತಳ್ಳಿಹಾಕುವಂತಿಲ್ಲ. ಯಂತ್ರ ಕುಡಿಯುವುದಿಲ್ಲ, ತೂಕಡಿಸುವುದಿಲ್ಲ, ಫೋನ್ ನೋಡುವುದಿಲ್ಲ. ಚಾಲಕನಿಲ್ಲದೆ 5.67 ಕೋಟಿ ಮೈಲಿ ಓಡಿದ ಲೆಕ್ಕವಿಟ್ಟು ವೇಮೊ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನರು ಗಾಯಗೊಳ್ಳುವ ಅಪಘಾತಗಳು ಮನುಷ್ಯರು ಓಡಿಸುವ ಕಾರುಗಳಿಗಿಂತ ಬಹಳ ಕಡಿಮೆ ಕಂಡುಬಂದಿವೆ.

ಸಾವಿನ ವಿಷಯದಲ್ಲಿ ಮಾತ್ರ ಹೀಗೆ ಸಾಧಿಸಿ ತೋರಿಸುವುದು ಸುಲಭವಲ್ಲ. ರ‍್ಯಾಂಡ್ ಸಂಸ್ಥೆಯ ನಿಧಿ ಕಾಲ್ರಾ ಮತ್ತು ಸೂಸನ್ ಪ್ಯಾಡಕ್ 2016ರಲ್ಲೇ ಲೆಕ್ಕ ಹಾಕಿದ್ದರು. ಅಮೆರಿಕದಲ್ಲಿ ಹತ್ತು ಕೋಟಿ ಮೈಲಿ ಓಡಾಟಕ್ಕೆ ಸುಮಾರು ಒಂದು ಸಾವು. ಯಂತ್ರ ಇದಕ್ಕಿಂತ ಕೆಟ್ಟದ್ದಲ್ಲ ಎಂದು ಶೇ 95ರಷ್ಟು ಖಾತ್ರಿಯಿಂದ ಹೇಳಬೇಕಾದರೆ, ಅದು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ, ಅಂದರೆ 44 ಕೋಟಿ ಕಿಲೋಮೀಟರ್ ಓಡಬೇಕು. ನೂರು ಕಾರುಗಳು ಹಗಲು ರಾತ್ರಿ, ವರ್ಷವಿಡೀ ಓಡಿದರೂ ಹನ್ನೆರಡೂವರೆ ವರ್ಷ ಬೇಕು. ಅಷ್ಟರಲ್ಲಿ ಸಾಫ್ಟ್‌ವೇರ್ ಎಷ್ಟೋ ಸಲ ಬದಲಾಗಿರುತ್ತದೆ. ಹಳೆಯದರ ಲೆಕ್ಕ ಹೊಸದಕ್ಕೆ ಹಾಗೇ ಅನ್ವಯಿಸುವುದಿಲ್ಲ.

ಇನ್ನೊಂದು ತೊಡಕೂ ಇದೆ. 2023ರ ಡಿಸೆಂಬರ್‌ನಲ್ಲಿ ಫೀನಿಕ್ಸ್ ನಗರದಲ್ಲಿ ಪಿಕಪ್ ಗಾಡಿಯೊಂದನ್ನು ಟೋಯಿಂಗ್ ವಾಹನ ಹಿಮ್ಮುಖವಾಗಿ, ಸ್ವಲ್ಪ ಓರೆಯಾಗಿ ಎಳೆದೊಯ್ಯುತ್ತಿತ್ತು. ವೇಮೊ ಕಾರು ಅದರ ಚಲನೆಯನ್ನು ತಪ್ಪಾಗಿ ಅಂದಾಜು ಮಾಡಿ ತಾಗಿಸಿತು. ಕೆಲವೇ ನಿಮಿಷಗಳಲ್ಲಿ ಬಂದ ಇನ್ನೊಂದು ವೇಮೊ ಕಾರು ಅದೇ ಪಿಕಪ್ಪಿಗೆ ಅದೇ ರೀತಿ ತಾಗಿಸಿತು. ಮನುಷ್ಯರಲ್ಲಿ ಒಬ್ಬ ಮಾಡಿದ ತಪ್ಪನ್ನು ಅವನ ಹಿಂದೆ ಬರುವವನೂ ಮಾಡಬೇಕೆಂದಿಲ್ಲ. ಒಂದೇ ಸಾಫ್ಟ್‌ವೇರ್ ಓಡಿಸುವ ಕಾರುಗಳಲ್ಲಿ ತಪ್ಪು ಎಲ್ಲಕ್ಕೂ ಒಂದೇ. ಕಂಪನಿ 444 ಕಾರುಗಳನ್ನು ತಿದ್ದಿತು. ಆಮೇಲೆ ಕಂಬಕ್ಕೆ ಗುದ್ದಿದ ಪ್ರಕರಣಕ್ಕೆ 672 ಕಾರುಗಳನ್ನು, ಗೇಟು–ಸರಪಳಿಗಳಿಗೆ ತಾಗಿದ್ದಕ್ಕೆ 1,212 ಕಾರುಗಳನ್ನು ತಿದ್ದಬೇಕಾಯಿತು. ತಿದ್ದಿದ್ದು ಎಲ್ಲ ಕಾರಿಗೂ ಒಟ್ಟಿಗೇ ತಲುಪುತ್ತದೆ ಎಂಬುದು ಇದರ ಒಳ್ಳೆಯ ಮಗ್ಗುಲು.

ಹೀಗಾಗಿ ತಜ್ಞರ ಒಲವು ಈಗ ಮೈಲಿ ಎಣಿಸುವುದರಿಂದ ಆಚೆಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಫಿಲಿಪ್ ಕೂಪ್‌ಮನ್ ಅವರು ರೂಪಿಸಲು ನೆರವಾದ, 2020ರಲ್ಲಿ ಹೊರಬಂದ ‘ಯುಎಲ್ 4600’ ಮಾನದಂಡ ಕೇಳುವುದು ಇಷ್ಟು: ನಿಮ್ಮ ಕಾರು ಸುರಕ್ಷಿತ ಎಂದು ಹೇಳುವುದಾದರೆ ಯಾವ ಆಧಾರದ ಮೇಲೆ, ಯಾವ ಪುರಾವೆಯಿಂದ, ಬರೆದು ತೋರಿಸಿ, ಹೊರಗಿನವರು ಅದನ್ನು ಒರೆಗೆ ಹಚ್ಚಲಿ. ಅಮೆರಿಕದಲ್ಲಿ ಇದಿನ್ನೂ ಕಡ್ಡಾಯವಲ್ಲ.

ಯುರೋಪ್ ಮತ್ತು ಬ್ರಿಟನ್ ಹಿಡಿದ ದಾರಿ

ವಿಶ್ವಸಂಸ್ಥೆಯ ವಾಹನ ನಿಯಮಗಳ ವೇದಿಕೆ 2020ರ ಜೂನ್‌ನಲ್ಲಿ ಮೂರನೆಯ ಹಂತದ ಕಾರಿಗೆ ಮೊದಲ ಅಂತರರಾಷ್ಟ್ರೀಯ ಕಟ್ಟುಪಾಡು ರೂಪಿಸಿತು. ಅದರ ಸಂಖ್ಯೆ 157. ಎಷ್ಟು ಎಚ್ಚರಿಕೆಯ ಹೆಜ್ಜೆ ನೋಡಿ: ಪಾದಚಾರಿ, ಸೈಕಲ್ ಬರದ, ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ಮಾತ್ರ, ಗಂಟೆಗೆ 60 ಕಿ.ಮೀ. ಒಳಗೆ, ಅದೂ ಒಂದೇ ಲೇನಿನಲ್ಲಿ. ಕಾರು ‘ನೀವು ಹಿಡಿಯಿರಿ’ ಎಂದ ಮೇಲೆ ಮನುಷ್ಯ ಸ್ಪಂದಿಸದಿದ್ದರೆ ಅದು ತಾನೇ ನಿಧಾನವಾಗಿ ನಿಲ್ಲಬೇಕು. ಯಾವ ಕ್ಷಣದಲ್ಲಿ ಓಡಿಸುತ್ತಿದ್ದವರು ಯಾರು, ಯಂತ್ರವೋ ಮನುಷ್ಯನೋ, ಎಂಬುದು ಕಾರಿನಲ್ಲಿ ದಾಖಲಾಗಲೇಬೇಕು. 2023ರಿಂದ ವೇಗದ ಮಿತಿಯನ್ನು 130 ಕಿ.ಮೀ.ಗೆ ಏರಿಸಲಾಗಿದೆ. ಈ ಬಗೆಯ ಕಾರನ್ನು ಜಪಾನಿನಲ್ಲಿ ಹೋಂಡಾ 2021ರಲ್ಲಿ, ಜರ್ಮನಿಯಲ್ಲಿ ಮರ್ಸಿಡಿಸ್ 2022ರಲ್ಲಿ ಗ್ರಾಹಕರಿಗೆ ಕೊಟ್ಟವು.

ಹೊಣೆಗಾರಿಕೆಯ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಕೊಟ್ಟಿದ್ದು ಬ್ರಿಟನ್. 2024ರ ಮೇ 20ರಂದು ಜಾರಿಗೆ ಒಪ್ಪಿಗೆ ಪಡೆದ ಅಲ್ಲಿನ ಕಾಯ್ದೆಯ ಪ್ರಕಾರ, ಎಚ್ಚರ ಮತ್ತು ಸಾಮರ್ಥ್ಯವುಳ್ಳ ಮನುಷ್ಯ ಚಾಲಕನಷ್ಟಾದರೂ ಸುರಕ್ಷಿತವಾಗಿ ಕಾರು ಓಡಬೇಕು. ಸರಾಸರಿ ಚಾಲಕ ಅಂದಿಲ್ಲ. ಸರಾಸರಿಯಲ್ಲಿ ಕುಡುಕರೂ ಸೇರಿರುತ್ತಾರಲ್ಲ. ಪ್ರತಿ ಕಾರಿಗೂ ಕಾನೂನಿನ ಮುಂದೆ ಉತ್ತರ ಹೇಳುವ ಸಂಸ್ಥೆಯೊಂದು ಇರಲೇಬೇಕು. ಕಾರು ತಾನೇ ಓಡುತ್ತಿದ್ದಾಗ ಆದ ಸಂಚಾರ ತಪ್ಪಿಗೆ ಸೀಟಿನಲ್ಲಿ ಕೂತ ಮನುಷ್ಯನ ಮೇಲೆ ಕೇಸಿಲ್ಲ. ಹಾಗೆ ಓಡಲಾರದ ಕಾರನ್ನು ‘ತಾನೇ ಓಡುತ್ತದೆ’ ಎಂಬಂತೆ ಮಾರಿದರೆ ಅದೇ ಅಪರಾಧ. ಪೂರ್ತಿ ಜಾರಿಗೆ 2027ರ ಗುರಿ ಇಟ್ಟುಕೊಂಡಿದ್ದಾರೆ.

ಕ್ಯಾಲಿಫೋರ್ನಿಯಾ ಕೂಡ ಚೀಟಿಯ ಸಮಸ್ಯೆಗೆ ಕಾನೂನು ಮಾಡಿದೆ. 2024ರಲ್ಲಿ ಅಂಗೀಕರಿಸಿದ ಆ ಕಾನೂನು ಜಾರಿಗೆ ಬರಲು ಗೊತ್ತುಮಾಡಿದ ದಿನ 2026ರ ಜುಲೈ 1. ನಿಯಮ ಮುರಿದ ಚಾಲಕರಹಿತ ಕಾರಿನ ಬಗ್ಗೆ ಪೊಲೀಸರು ಕಂಪನಿಗೇ ನೋಟಿಸ್ ಕೊಡಬಹುದು. ಆದರೆ ಅದು ದಂಡವಲ್ಲ. ವಾಹನ ಇಲಾಖೆಗೆ ಹೋಗುವ ವರದಿ.

ನಮ್ಮ ಕಾನೂನಿನಲ್ಲಿ ಏನಿದೆ?

ಇಂಥ ಕಾರುಗಳಿಗೆ ಬೇಕಾದ ಸಾಫ್ಟ್‌ವೇರಿನ ಒಂದು ಪಾಲು ತಯಾರಾಗುವುದು ಬೆಂಗಳೂರಿನಲ್ಲೇ. ಮರ್ಸಿಡಿಸ್, ಬಾಷ್‌ನಂಥ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳು ಇಲ್ಲಿವೆ. ಬೆಂಗಳೂರಿನ ‘ಮೈನಸ್ ಜೀರೊ’ ಎಂಬ ನವೋದ್ಯಮ 2023ರಲ್ಲಿ ಸ್ಟಿಯರಿಂಗ್ ಇಲ್ಲದ ಮಾದರಿ ವಾಹನವೊಂದನ್ನು ತೋರಿಸಿತು. ಕಾರು ಮಾತ್ರ ನಮ್ಮ ಸಾರ್ವಜನಿಕ ರಸ್ತೆಗೆ ಸದ್ಯಕ್ಕೆ ಬರುವಂತಿಲ್ಲ. ಲಕ್ಷಾಂತರ ಚಾಲಕರ ಅನ್ನ ಹೋಗುತ್ತದೆ, ಆದ್ದರಿಂದ ಬಿಡುವುದಿಲ್ಲ ಎಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಹಲವು ಬಾರಿ ಹೇಳಿದ್ದಾರೆ.

ಆ ಕಾಳಜಿ ನಿಜವಾದದ್ದು. ಆದರೆ ಸಚಿವರ ಮಾತು ಕಾನೂನಲ್ಲ. ನಮ್ಮ ಕಾನೂನು ಪೂರ್ತಿ ನಿಂತಿರುವುದು ಚಾಲಕ ಎಂಬ ಮನುಷ್ಯನ ಮೇಲೆ. 1988ರ ಮೋಟಾರು ವಾಹನ ಕಾಯ್ದೆ ಲೈಸೆನ್ಸ್ ಕೊಡುವುದು ವ್ಯಕ್ತಿಗೆ. ಅಡ್ಡಾದಿಡ್ಡಿ ಓಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ನಿರ್ಲಕ್ಷ್ಯದಿಂದ ಸಾವಾದರೆ 106ನೇ ಕಲಂ. ಎರಡಕ್ಕೂ ಆರೋಪಿ ಬೇಕು. ಪರಿಹಾರಕ್ಕೆ ಕ್ಲೇಮ್ ಟ್ರಿಬ್ಯೂನಲ್ಲಿಗೆ ಹೋದವರು ಸಾಮಾನ್ಯವಾಗಿ ಸಾಬೀತು ಮಾಡಬೇಕಾದದ್ದು ಚಾಲಕನ ನಿರ್ಲಕ್ಷ್ಯವನ್ನು. ಚಾಲಕನೇ ಇಲ್ಲದಾಗ, ಸತ್ತವನ ಹೆಂಡತಿ ಕೋರ್ಟಿನಲ್ಲಿ ಸಾಫ್ಟ್‌ವೇರಿನ ದೋಷವನ್ನು ಸಾಬೀತು ಮಾಡಬೇಕೆ? ಅದಕ್ಕೆ ಬೇಕಾದ ದಾಖಲೆ ಆಕೆಗೆ ಕೊಡುವವರಾರು? 2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಕಾರಿನೊಳಗಿದ್ದವರಲ್ಲ. ಬೈಕಿನಲ್ಲಿದ್ದವರು, ನಡೆದು ಹೋಗುತ್ತಿದ್ದವರು.

ಬಿಗಿ ಪರೀಕ್ಷೆ ಎಂದರೆ ಹೇಗಿರುತ್ತದೆಂಬ ಮಾದರಿ ಬೆಂಗಳೂರಿನಲ್ಲೇ ಇದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಮೆಟ್ರೊ ಹಳದಿ ಮಾರ್ಗದ ರೈಲುಗಳಲ್ಲಿ ಚಾಲಕನಿಲ್ಲದೆ ಓಡಬಲ್ಲ ತಂತ್ರಜ್ಞಾನವಿದೆ. 2025ರ ಆಗಸ್ಟ್ 10ರಂದು ಉದ್ಘಾಟನೆಯಾಗುವ ಮುನ್ನ ಮೆಟ್ರೊ ರೈಲು ಸುರಕ್ಷತಾ ಆಯುಕ್ತರು ಬಂದು ಮಾರ್ಗವನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕಾಯಿತು. ಜನ ಕಾಯುತ್ತಿದ್ದರು, ಒತ್ತಡವಿತ್ತು. ಆದರೂ ಆ ಸಹಿ ಬೀಳದೆ ಒಬ್ಬ ಪ್ರಯಾಣಿಕನೂ ಹತ್ತುವಂತಿರಲಿಲ್ಲ. ಆ ಆಯುಕ್ತರ ಕಚೇರಿ ರೈಲು ಓಡಿಸುವವರ ಕೈಕೆಳಗೂ ಇಲ್ಲ. ಅದು ನಾಗರಿಕ ವಿಮಾನಯಾನ ಸಚಿವಾಲಯದಡಿ ಬರುತ್ತದೆ. ಬೇಲಿ ಹಾಕಿದ, ಯಾರೂ ಅಡ್ಡ ಬರದ ಹಳಿಯ ಮೇಲೆ ಓಡುವ ರೈಲಿಗೇ ಇಷ್ಟಾದರೆ, ಶಾಲೆ ಬಿಟ್ಟ ಮಕ್ಕಳು, ತಳ್ಳುಗಾಡಿ, ದನ, ರಾಂಗ್ ಸೈಡಿನಲ್ಲಿ ಬರುವ ಬೈಕುಗಳ ನಡುವೆ ಓಡುವ ಯಂತ್ರಕ್ಕೆ ಇದಕ್ಕಿಂತ ಕಡಿಮೆ ಪರೀಕ್ಷೆ ಸಾಕೆಂದು ಯಾರೂ ಹೇಳಲಾರರು.

2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಕಲಂಗಳಲ್ಲಿ ಎರಡು ಇಲ್ಲಿ ಮುಖ್ಯ. 110ಎ ಪ್ರಕಾರ, ದೋಷವಿರುವ ವಾಹನಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. 2ಬಿ ಪ್ರಕಾರ, ಸಂಶೋಧನೆ, ಹೊಸ ಆವಿಷ್ಕಾರಗಳನ್ನು ಉತ್ತೇಜಿಸಲು ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಚಾಲಕರಹಿತ ಕಾರು ನಮ್ಮ ರಸ್ತೆಗೆ ಬರುವುದಾದರೆ ಈ ಎರಡನೆಯ ಬಾಗಿಲಿನಿಂದಲೇ ಬಂದೀತು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಸಂಸತ್ತಿನ ಚರ್ಚೆಯೂ ಬೇಕಿಲ್ಲ.

ವಿನಾಯಿತಿ ಷರತ್ತುಗಳಿಗೆ ಒಳಪಟ್ಟಿರಬೇಕು ಎಂದೂ ಅದೇ ಕಲಂ ಹೇಳುತ್ತದೆ. ಆ ಷರತ್ತುಗಳಲ್ಲಿ ಇವು ಇರಬೇಕು: ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಎಂಬ ಮಿತಿ. ಮೆಟ್ರೊ ಆಯುಕ್ತರಂತೆ ಕಂಪನಿಗೂ ಸಾರಿಗೆ ಸಚಿವಾಲಯಕ್ಕೂ ಹೊರಗಿನ ಪರೀಕ್ಷಕ. ಅಪಘಾತದ ಪೂರ್ಣ ದಾಖಲೆಯನ್ನು ಪೊಲೀಸರಿಗೂ ಗಾಯಾಳುವಿನ ಕುಟುಂಬಕ್ಕೂ ಕೊಡುವ ಗಡುವು. ಟ್ರಿಬ್ಯೂನಲ್ಲಿನಲ್ಲಿ ಚಾಲಕನ ಜಾಗದಲ್ಲಿ ನಿಂತು ಉತ್ತರಿಸುವ, ಭಾರತದಲ್ಲೇ ಕಚೇರಿಯಿರುವ ಸಂಸ್ಥೆಯ ಹೆಸರು. ಈ ನಾಲ್ಕನ್ನು ಬರೆಯುವ ಜಾಗ ಅದು. ಮೊದಲ ಅರ್ಜಿ ಸಚಿವಾಲಯದ ಮೇಜಿಗೆ ಬಂದ ಮೇಲೆ ಬರೆಯಲು ಕೂತರೆ ಅರ್ಜಿದಾರರ ಅನುಕೂಲವೇ ಷರತ್ತಾಗುತ್ತದೆ. ಕರಡನ್ನು ಈಗಲೇ ಪ್ರಕಟಿಸಿ, ಪಾದಚಾರಿಗಳ ಸಂಘಟನೆಗಳಿಂದ, ಚಾಲಕರ ಸಂಘಗಳಿಂದ, ಟ್ರಾಫಿಕ್ ಪೊಲೀಸರಿಂದ ಆಕ್ಷೇಪಣೆ ಕರೆಯಬೇಕು.